ಕಪ್ಪು ದಾರ ಕಟ್ಟಲು ಜಾಗವಿಲ್ಲದ ಪರದೆ

ಪರದೆಯ ಮೂಲೆಯಲ್ಲಿ ಹನ್ನೊಂದು ಐವತ್ತೆರಡು, ಆಗಲೇ ಐವತ್ಮೂರು, ಈ ಗಡಿಯಾರಕ್ಕೆ ಸದ್ದೂ ಇಲ್ಲ, ಕದ್ದು ಓಡುತ್ತದೆ — ಸಬಿರಾಳ ಕಣ್ಣು ಆ ಚೌಕದ ಮೇಲೇ ನೆಟ್ಟಿದೆ, ತಾಲಾಯ್, ಚಂದಾದಾರ, ತೀರಿಕೊಂಡವರು, ತಾನೇ ಒತ್ತಿದ ಗುರುತು, ಯಾಕಾದರೂ ಒತ್ತಿದೆನೋ. ನರಿನ್ ಪಟ್ಟಣದ ಹಳೇ ಟೆಲಿಫೋನ್ ಮನೆಯಲ್ಲಿ ಹೀಗಿರಲಿಲ್ಲ, ಗೋಡೆಯುದ್ದದ ಹಲಗೆ, ಊರಿನ ಒಂದೊಂದು ಮನೆಗೂ ಒಂದೊಂದು ತೂತು, ಯಾವ ಮನೆಯವರು ಸತ್ತರೋ ಆ ತೂತಿಗೆ ಕಪ್ಪು ದಾರ — ಬಿಳಿ ಟೋಪಿ ತೊಟ್ಟ ಮೂವರು ಹಿರಿಯರು ಹೋಗಿ, ಕೂತು, ಸುತ್ತಿ ಬಳಸಿ ಸುದ್ದಿ ಮುಟ್ಟಿಸುವ ತನಕ ಅಲ್ಲಿಗೆ ಒಂದು ಕರೆಯೂ ಹೋಗಬಾರದು, ಸಾವು ತಂತಿಯ ಮೇಲೆ ನಡೆಯಬಾರದು, ಇಪ್ಪತ್ತೆಂಟು ವರ್ಷ ಆ ಹಲಗೆಯ ಮುಂದೆ ಕೂತು ಅವಳು ಅಂಥ ಒಂದು ಕರೆಯನ್ನೂ ಬಿಟ್ಟಿರಲಿಲ್ಲ. ಹಲಗೆ ಹೋಯಿತು, ತಾಮ್ರ ಹೋಯಿತು, ಕಂಪನಿ ಈಗ ಸಿನಿಮಾ ತೋರಿಸುತ್ತದೆ, ಗಾಜಿನ ಎಳೆಯಲ್ಲಿ ಬೆಳಕು ಓಡಿಸುತ್ತದೆ, ಬೆಳಿಗ್ಗೆ ಕಣಿವೆಯಲ್ಲಿ ತಾಲಾಯ್‌ನ ಲಾರಿ ಉರುಳಿತು ಎಂದಾಗ ಅವಳು ದಾರ ಕಟ್ಟಲು ಜಾಗ ಹುಡುಕಿದಳು, ಈ ಚೌಕ ಕಂಡಿತು, ಒತ್ತಿದರೆ ಅವನ ತಾಯಿ ಕಾಲಿಪಾ ಆಪಾಳ ಮನೆಗೆ ಕರೆ ನಿಲ್ಲುತ್ತದೆ ಅಂದುಕೊಂಡಳು — ಅಯ್ಯೋ ಸಬಿರಾ ಎಜೆ, ಅಕ್ಕಾ, ಎಂದ ಬಿಷ್ಕೆಕ್ ಕಚೇರಿಯ ಎಲ್ದಿಯಾರ್, ಅದು ತಡೆಯೋದಲ್ಲ, ಹನ್ನೆರಡಕ್ಕೆ ಮನೆಯವರಿಗೆ ತಾನೇ ಫೋನ್ ಮಾಡಿ ತಿಳಿಸೋದು, ಕರೆಗಳ ಸಾಲಿಗೆ ಹೋದ್ಮೇಲೆ ನನ್ ಕೈಲೂ ತೆಗೆಯಕ್ಕಾಗಲ್ಲ. ತಿಳಿಸುವ ದನಿ ಅವಳದೇ, ವಸಂತದಲ್ಲಿ ಕೂರಿಸಿ ಮುದ್ರಿಸಿಕೊಂಡಿದ್ದರು, ಸ್ವಲ್ಪ ನಗ್ತಾ ಹೇಳಿ ಎಜೆ, ಚಂದಾದಾರರು ತೀರಿಕೊಂಡಿರುವುದರಿಂದ, ಅವಳು ನಕ್ಕೇ ಹೇಳಿದ್ದಳು.

ಸುದ್ದಿ ಮುಟ್ಟಿಸಲು ಹೊರಟ ಹಿರಿಯರ ಕಾರಿಗೆ ಫೋನ್ ಮಾಡಿ ಕೇಳಿದರೆ, ಇರಮ್ಮ, ಕುರಿಮಂದೆ ಅಡ್ಡ ಬಂದಿದೆ, ಹಾರ್ನಿಗೂ ಕ್ಯಾರೇ ಅನ್ನಲ್ಲ ಇವು. ಐವತ್ತೆಂಟು — ತಾನೇ ಆಪಾಳ ಲೈನು ಹಿಡಿದು ಕೂತರೆ ಇನ್ನೊಂದು ಕರೆ ಹೇಗೆ ನುಗ್ಗೀತು, ಆಪಾ, ಚೆನ್ನಾಗಿದೀರಾ, ಯಾರೇ, ಸಬಿರಾನಾ, ಕೈಯೆಲ್ಲ ಹಿಟ್ಟು ಕಣೇ, ಕೆಲಸ ಇಲ್ವಾ ನಿಂಗೆ, ಕಂಪನಿ ಸುಮ್ನೆ ಸಂಬಳ ಕೊಡತ್ತಾ? ನಡುಗಬೇಡ ದನಿಯೇ, ಹಸುವಿನ ವಿಷಯ ಕೇಳು, ಕರು ಹಾಕ್ತಾ ಆಪಾ, ಹಾಕ್ತು ಕಣೇ, ತಾಲಾಯ್ ಬಂದು ಹೆಸರಿಡ್ಲಿ ಅಂತ ಹಾಗೇ ಬಿಟ್ಟಿದೀನಿ — ಹನ್ನೆರಡು, ಹನ್ನೆರಡು ಹತ್ತು, ಎಲ್ಲೋ ತನ್ನದೇ ನಗುವ ದನಿ ಆ ಮನೆಯ ಬಾಗಿಲು ತಟ್ಟಿ ತಿರುಗಿ ಮತ್ತೆ ತಟ್ಟುತ್ತಿದೆ, ನಿಲ್ಲಿಸಬೇಡ, ಮಾತಾಡು, ಮೂರು ಬಿಳಿ ಟೋಪಿ, ಕುರಿಗಳ ನಡುವೆ ಸಿಕ್ಕ ಮೂರು ಬಿಳಿ ಟೋಪಿ, ಬೇಗ ಬನ್ನಿ, ಬರಲೇಬೇಡಿ, ಹಿಟ್ಟಿಗೆ ಹಾಲೆಷ್ಟು ಹಾಕ್ತೀರಿ ಆಪಾ, ಥೂ, ಮೊಮ್ಮಕ್ಕಳಾದ್ರೂ ಅದು ಗೊತ್ತಿಲ್ವೇನೇ — ಇರು, ಕಿಟಕೀಲಿ ಯಾರೋ ಕಾಣ್ತಾರೆ, ಬಿಳೀ ಟೋಪಿ, ಒಂದು, ಎರಡು, ಎಂದಳು ಆಪಾ, ಮುಂದೆ ಎಣಿಸಲಿಲ್ಲ — ಮೂರು ಟೋಪಿ, ಬೇಲಿಯ ಮೇಲೆ ಮೂರು, ಬಿಳಿ, ಮೂರು