ತಟ್ಟೆ ಹಿಡಿದ ಕೈ

ಬೀರುವಿನ ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಹಿಡಿದು ಆರಾಧನಾ ಕೀಲಿ ತಿರುಗಿಸಿದಳು. ಮೂರನೆಯ ಸಲಕ್ಕೆ ಅದು ಕಿರುಗುಟ್ಟುತ್ತ ತೆರೆದುಕೊಂಡಿತು. ನುಸಿಗುಳಿಗೆಯ ವಾಸನೆ, ಮಡಿಸಿಟ್ಟ ಆರೇಳು ಸೀರೆ, ಬಟ್ಟೆ ಅಂಗಡಿಯ ಹಳೆಯ ಚೀಲವೊಂದರಲ್ಲಿ ಫೋಟೊಗಳು.

“ಸಿಕ್ತೇನೇ?” ನಡುಮನೆಯಿಂದ ಅಪ್ಪ ಕೂಗಿದರು.

“ಹುಡುಕ್ತಿದೀನಪ್ಪ.”

“ಹನ್ನೊಂದೂವರೆಯೊಳಗೆ ಕಳಿಸ್ಬೇಕಂತೆ ಪೇಪರಿಗೆ. ಇಲ್ಲಾಂದ್ರೆ ನಾಳೆ ಬರಲ್ಲ. ಗಾಡಿ ಬೇರೆ ಹನ್ನೆರಡಕ್ಕೇ ಬಂದ್ಬಿಡತ್ತೆ.”

ನಡುಮನೆಯಲ್ಲಿ ಗೋದಜ್ಜಿಯನ್ನು ದರ್ಭೆಯ ಮೇಲೆ ಮಲಗಿಸಿದ್ದರು. ತಲೆಯ ಬಳಿ ದೀಪ ಉರಿಯುತ್ತಿತ್ತು. ಎಪ್ಪತ್ತೆರಡು ವರ್ಷ ಅವಳು ಬದುಕಿದ್ದು ಬಸವನಗುಡಿಯ ಇದೇ ಮನೆಯಲ್ಲಿ. ಮೊದಲು ಅಪ್ಪನ ಮಗಳಾಗಿ, ಆಮೇಲೆ ಅಣ್ಣನ ತಂಗಿಯಾಗಿ. ಮದುವೆಯಾಗಲಿಲ್ಲ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ರಾತ್ರಿ ಮಲಗಿದವಳು ಬೆಳಿಗ್ಗೆ ಹಾಲಿನವನು ಕರೆದಾಗ ಏಳಲಿಲ್ಲ, ಅಷ್ಟೆ. ಅಣ್ಣ ಬದರೀನಾರಾಯಣರು, ಆರಾಧನಾಳ ತಾತ, ಆಗಿನಿಂದ ಬಾಗಿಲ ಪಕ್ಕದ ಕುರ್ಚಿ ಬಿಟ್ಟೆದ್ದಿಲ್ಲ.

ಆರಾಧನಾ ಫೋಟೊಗಳನ್ನು ಚಾಪೆಯ ಮೇಲೆ ಹರವಿದಳು. ಅಪ್ಪನ ಮುಂಜಿ. ಗೋದಜ್ಜಿ ಕಂಬದ ಹಿಂದೆ, ಅರ್ಧ ಮುಖ. ಅಪ್ಪ ಅಮ್ಮನ ಮದುವೆ. ಆರತಿ ತಟ್ಟೆಯ ಹೊಗೆಯಲ್ಲಿ ಬರೀ ಮೂಗು. ನೆಂಟರ ಗೃಹಪ್ರವೇಶದಲ್ಲಿ ಯಾರಿಗೋ ಬಡಿಸಲು ಬಗ್ಗಿದ್ದಳು, ಬೆನ್ನು ಕಾಣುತ್ತಿತ್ತು.

“ಆಧಾರ್ ಕಾರ್ಡಿಂದೇ ಕಳಿಸ್ಬಿಡೋಣ,” ಎಂದರು ಅಪ್ಪ ಮಧುಸೂದನ್. ಒದ್ದೆ ಪಂಚೆಯಲ್ಲಿ ನಡುಗುತ್ತ ನಿಂತಿದ್ದರು. ಸೋದರತ್ತೆಯ ಕರ್ಮ ಮಾಡಬೇಕಾದವರು ಅವರೇ.

“ಆಧಾರ್ ಫೋಟೊದಲ್ಲಿ ಯಾರು ತಾನೇ ಮನುಷ್ಯರ ಥರ ಕಾಣ್ತಾರೋ?” ಎದುರುಮನೆಯ ಶೈಲಜಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದರು. ಈ ಮನೆಯಲ್ಲಿ ಇವತ್ತು ಒಲೆ ಹಚ್ಚುವಂತಿಲ್ಲ. “ನಂದು ನೋಡಿದ್ರೆ ಪೊಲೀಸ್ನೋರೇ ಹಿಡ್ಕೊಂಡು ಹೋಗ್ತಾರೆ. ಪಾಪ, ಗೋದಾ ಕೊನೇಗೂ ಹಾಗೆ ಕಾಣ್ಬೇಕಾ?”

“ಮತ್ತೇನ್ಮಾಡೋದು ಹೇಳಿ. ಬೇರೆ ಇಲ್ವಲ್ಲ.”

“ಸಿನಿಮಾದಲ್ಲಿದೀನಿ ಅಂತಿದ್ಳಲ್ಲ, ಅದರಿಂದ ತೆಗೀರಿ.” ಹೇಳಿದ ಮೇಲೆ ಶೈಲಜಮ್ಮನಿಗೇ ಸರಿಯೆನ್ನಿಸಲಿಲ್ಲ. ಸೆರಗಿನಿಂದ ಬಾಯೊರಸಿಕೊಂಡು ದೀಪಕ್ಕೆ ಎಣ್ಣೆ ಹಾಕಲು ಹೋದರು.

ಕುರ್ಚಿಯಲ್ಲಿದ್ದ ತಾತ ನೆಲ ನೋಡಿದರು.

ಆರಾಧನಾ ಫೋನು ಹಿಡಿದುಕೊಂಡು ಹಿತ್ತಿಲಿಗೆ ನಡೆದಳು.

* * *

“ಒಂದಾನೊಂದು ಕಾಲದಲ್ಲಿ,” ಎಂದೇ ಗೋದಜ್ಜಿ ಆ ಕತೆಯನ್ನೂ ಶುರು ಮಾಡುತ್ತಿದ್ದಳು, ಏಳು ಸಮುದ್ರದಾಚೆಯ ರಾಜಕುಮಾರಿಯ ಕತೆಯ ಹಾಗೆಯೇ. “ಗವಿಪುರಂ ಗುಡೀಲಿ ಶೂಟಿಂಗ್ ನಡೀತಿತ್ತು. ನಾನು ಹಣ್ಣುಕಾಯಿ ಮಾಡಿಸ್ಕೊಂಡು ಹೊರಗೆ ಬಂದೆ. ಒಬ್ಬ ಬಂದು, ಅಮ್ಮಾ, ಇಲ್ಲೇ ನಿಂತ್ಕೊಳಿ, ಹೀರೋ ಬಂದಾಗ ಮಾತ್ರ ನೋಡ್ಬೇಡಿ ಅಂದ.”

“ನೋಡ್ದ್ಯಾ?”

“ನೋಡ್ದೇ ಇರ್ತೀನಾ! ಅಷ್ಟು ದೊಡ್ಡ ಹೀರೋ, ಕಲ್ಲಿನ ಮೇಲೆ ಕಾಲಿಟ್ಟೋನು ಎಡವ್ಬಿಟ್ಟ. ನಗು ಬಂದ್ಬಿಡ್ತು. ಸೆರಗು ಅಡ್ಡ ಹಿಡ್ಕೊಂಡೆ.”

ಸೀರೆ ಒಂದು ದಿನ ಗಿಳಿಹಸಿರು, ಇನ್ನೊಂದು ದಿನ ನವಿಲು ಬಣ್ಣ. ಹೀರೋ ಒಮ್ಮೆ ಎಡವಿದ, ಒಮ್ಮೆ ಬಿದ್ದೇಬಿಟ್ಟ. ಕತೆ ಬದಲಾಗುತ್ತಿತ್ತು, ನಗು ಮಾತ್ರ ಹಾಗೇ ಇರುತ್ತಿತ್ತು.

ಚಿತ್ರ ಹನ್ನೊಂದು ದಿನ ಓಡಿ ಎತ್ತಂಗಡಿಯಾಗಿತ್ತು. ಆಗ ಅವಳನ್ನು ಯಾರೂ ಥಿಯೇಟರಿಗೆ ಕರೆದೊಯ್ದಿರಲಿಲ್ಲ. ಎಷ್ಟೋ ವರ್ಷದ ಮೇಲೆ ಒಂದು ಭಾನುವಾರ ಅದು ಟೀವಿಯಲ್ಲಿ ಬಂತು. ಮನೆಯವರೆಲ್ಲ ಕೂತರು. ಆರಾಧನಾ ತನ್ನ ಇಬ್ಬರು ಗೆಳತಿಯರನ್ನೂ ಕರೆತಂದಿದ್ದಳು. ಗುಡಿಯ ಅಂಗಳ ಬಂತು. ಹೀರೋ ಎಡವಿದ. ಪರದೆಯ ಎಡ ಅಂಚಿನಲ್ಲಿ ತಟ್ಟೆ ಹಿಡಿದ ಒಂದು ಕೈ, ನಾಲ್ಕು ಗಾಜಿನ ಬಳೆ. ಮುಗಿಯಿತು.

“ಅದೇ! ಆ ಕೈ ನಂದೇ,” ಗೋದಜ್ಜಿ ಎದ್ದು ನಿಂತಿದ್ದಳು.

ಗೆಳತಿಯರು ಬಾಯಿ ಮುಚ್ಚಿಕೊಂಡು ನಕ್ಕರು. ಹನ್ನೆರಡು ವರ್ಷದ ಆರಾಧನಾಳ ಮುಖ ಕೆಂಪಾಗಿತ್ತು. “ಯಾರದ್ದೋ ಕೈ ಅಜ್ಜಿ ಅದು. ಸುಮ್ನೆ ಸುಳ್ಳು ಹೇಳ್ಬೇಡ.”

ಗೋದಜ್ಜಿ ಒಮ್ಮೆ ಅಣ್ಣನ ಕಡೆ ನೋಡಿದಳು. ಅವರು ಪೇಪರು ಓದುತ್ತಿದ್ದರು. ಅಂದಿನಿಂದ ರಾಜಕುಮಾರಿಯ ಕತೆ ಮುಂದುವರಿಯಿತು. ಈ ಕತೆ ಮತ್ತೆ ಬರಲಿಲ್ಲ.

* * *

“ನಿಮ್ಮ ಸಿನಿಮಾದ ನಾಲ್ಕನೇ ರೀಲು ಮುಂದಿನ ತಿಂಗಳು ಸ್ಕ್ಯಾನ್ ಮಾಡೋಣ ಅಂದ್ಕೊಂಡಿದ್ವಿ ಮೇಡಂ,” ಎಂದ ಅಭಿನಂದನ್ ಫೋನಿನಲ್ಲಿ. ಹಳೆಯ ಚಿತ್ರಗಳ ಪ್ರಿಂಟು ಹುಡುಕಿ, ತೊಳೆದು, ಒಂದೊಂದೇ ಫ್ರೇಮನ್ನು ಸ್ಕ್ಯಾನ್ ಮಾಡಿ ಡಿಸ್ಕಿಗೆ ತರುವ ಹುಚ್ಚು ಅವನದು. ಸಂಪಿಗೆ ರಸ್ತೆಯ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಅವನ ಕೋಣೆ.

“ನಂಗೆ ಒಂದೇ ಒಂದು ಫ್ರೇಮು ಸಾಕು. ಗವಿಪುರಂ ಗುಡಿ, ಹೀರೋ ಎಡವೋದು.”

“ಯಾಕೆ ಇಷ್ಟು ಅರ್ಜೆಂಟು?”

ಒಗೆಯುವ ಕಲ್ಲಿನ ಮೇಲೆ ಗೋದಜ್ಜಿ ನಿನ್ನೆ ಹಿಂಡಿಟ್ಟ ಒರಸು ಬಟ್ಟೆ ಹಾಗೇ ಒಣಗಿ ಬಿಗಿದುಕೊಂಡಿತ್ತು. “ನಮ್ಮಜ್ಜಿ... ನಿಮಗೆ ಹೇಳಿದ್ನಲ್ಲ. ಹನ್ನೆರಡಕ್ಕೆ ಗಾಡಿ ಬರತ್ತೆ. ಅವಳದ್ದೊಂದು ಫೋಟೊ ಇಲ್ಲ.”

ಆ ಕಡೆ ರೀಲಿನ ಡಬ್ಬಿಗಳನ್ನು ಸರಿಸುವ ಸದ್ದು ಕೇಳಿಸಿತು. “ಒಂದು ಗಂಟೆ ಕೊಡಿ,” ಎಂದ.

* * *

ಮೂರು ತಿಂಗಳ ಕೆಳಗೆ ಅಭಿನಂದನ್ ಇಂಟರ್‌ನೆಟ್ಟಿನಲ್ಲಿ ಜನರನ್ನು ಕೇಳಿದ್ದ: ಯಾವ ಹಳೆಯ ಕನ್ನಡ ಚಿತ್ರ ಒಳ್ಳೆಯ ಡಿಸ್ಕಿನಲ್ಲಿ ಬರಲೇಬೇಕು? ಸಾವಿರಾರು ಮಂದಿ ದೊಡ್ಡ ದೊಡ್ಡ ಹೆಸರು ಬರೆದರು. ಆರಾಧನಾ ಹುರುಳಿಕಾಯಿ ಸೋಸುತ್ತಿದ್ದ ಗೋದಜ್ಜಿಯ ಪಕ್ಕ ಕೂತು, “ನಿಂದ್ಯಾವ್ದು ಹೇಳು,” ಎಂದಿದ್ದಳು.

ಗೋದಜ್ಜಿ ನಾರು ತೆಗೆಯುತ್ತಲೇ ಇದ್ದಳು. ಒಂದು ಕಾಯಿ ಮುರಿದು ಬುಟ್ಟಿಗೆ ಹಾಕಿ ಕೇಳಿದಳು. “ಅದರಲ್ಲಿ ಪೂರ್ತಿ ಬರತ್ತಾ?”

“ಪೂರ್ತಿ ಅಂದ್ರೆ?”

“ಪಕ್ಕದಲ್ಲಿರೋದೆಲ್ಲ.”

ಆರಾಧನಾ ಆ ಚಿತ್ರದ ಹೆಸರನ್ನೇ ಬರೆದಳು. ‘ಆ ಡಬ್ಬಾ ಸಿನಿಮಾ ಯಾರಿಗೆ ಬೇಕು ಗುರು?’ ಎಂದು ಕೆಳಗೆ ಯಾರೋ ಹಾಕಿದರು. ಆದರೆ ಅಭಿನಂದನ್ ಉತ್ತರಿಸಿದ. ಅದರ ಪ್ರಿಂಟೊಂದು ಹಳೆಯ ಹಂಚಿಕೆದಾರರೊಬ್ಬರ ಗೋಡೌನಿನಲ್ಲಿ ಸಿಕ್ಕಿದೆ, ಬಣ್ಣವೆಲ್ಲ ಕೆಂಪಿಗೆ ತಿರುಗಿದೆ, ಆದರೂ ಒಂದು ಕೈ ನೋಡುತ್ತೇನೆ ಎಂದ. ಅಗಲ ಪರದೆಯ ಚಿತ್ರವಂತೆ ಅದು. ಕ್ಯಾಸೆಟ್ಟು ಮಾಡಿದವರು ಟೀವಿಯ ಚೌಕಕ್ಕೆ ಹೊಂದಿಸಲು ಎರಡೂ ಪಕ್ಕ ಕತ್ತರಿಸಿಬಿಟ್ಟಿದ್ದರು. ಟೀವಿಗೂ ಹೋದದ್ದು ಅದೇ, ಫೋನಿಗೂ ಬಂದದ್ದು ಅದೇ. ಹೆಚ್ಚುಕಡಿಮೆ ಅರ್ಧ ಚಿತ್ರವನ್ನು ನಲವತ್ತು ವರ್ಷದಿಂದ ಯಾರೂ ನೋಡಿರಲಿಲ್ಲ.

ಆರಾಧನಾ ಇದನ್ನು ಗೋದಜ್ಜಿಗೆ ಹೇಳಲಿಲ್ಲ. ಡಿಸ್ಕು ಬರಲಿ, ದೊಡ್ಡ ಟೀವಿಯಲ್ಲಿ ಹಾಕಿ ಕೈ ಹಿಡಿದು ಕೂರಿಸುತ್ತೇನೆ, ಆಗ ಕ್ಷಮೆ ಕೇಳುತ್ತೇನೆ ಎಂದುಕೊಂಡಿದ್ದಳು. ಕತೆಗಳಲ್ಲಿ ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯುತ್ತಿತ್ತು.

* * *

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಫೋನು ಮಿಡಿಯಿತು. ಚಿತ್ರದಲ್ಲಿ ಎಲ್ಲರೂ ಕೋಲಿನಂತೆ ಉದ್ದುದ್ದ, ಸಣಕಲು.

“ಇದೇನೇ, ಎಲ್ಲಾರೂ ಏಕಾದಶಿ ಮಾಡಿದಂಗಿದಾರೆ,” ಎಂದು ಶೈಲಜಮ್ಮ ಹೆಗಲ ಮೇಲಿಂದ ಬಗ್ಗಿದರು.

‘ರೀಲಿನಲ್ಲಿ ಹೀಗೇ ಅಮುಕಿರತ್ತೆ. ತಾಳಿ, ಹಿಗ್ಗಿಸಿ ಕಳಿಸ್ತೀನಿ,’ ಎಂದು ಅಭಿನಂದನ್ ಬರೆದಿದ್ದ.

ಎರಡನೆಯದು ಬಂತು. ಫೋನನ್ನು ಅಡ್ಡ ಹಿಡಿಯಬೇಕಾಯಿತು. ಗುಡಿಯ ಅಂಗಳ ಆಚೆಯಿಂದ ಈಚೆಯವರೆಗೆ ಬಿಚ್ಚಿಕೊಂಡಿತು. ಕಲ್ಲಿನ ದೊಡ್ಡ ಚಕ್ರಗಳು, ನಡುವೆ ಬಿಳಿ ಅಂಗಿಯಲ್ಲಿ ಎಡವಿದ ಹೀರೋ, ಅವನ ಎಡಗಡೆಗೆ ಅದೇ ತಟ್ಟೆ, ಬಳೆಯ ಕೈ. ಆ ಕೈಯ ಹಿಂದೆ ತೋಳು, ಹೆಗಲು, ಒಂದು ಜಡೆ. ಸೆರಗು ಬಾಯಿಯವರೆಗೆ ಇನ್ನೂ ತಲುಪಿಲ್ಲ. ಇಪ್ಪತ್ತೈದರ ಹುಡುಗಿ ಹಲ್ಲೆಲ್ಲ ತೋರಿಸಿ ನಗುತ್ತಿದ್ದಳು. ಮುಂದಿನ ಹಲ್ಲಿನ ಸಂದು ಕೂಡ ಕಾಣುತ್ತಿತ್ತು.

ಶೈಲಜಮ್ಮನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. “ಅಯ್ಯೋ, ಗೋದಾನೇ ಕಣೇ! ನಾವೆಲ್ಲ ಅವಳನ್ನ ಎಷ್ಟು ಆಡ್ಕೊಂಡ್ವೇ...” ಎಂದವರು ಅಂಗಳದಲ್ಲಿ ಪುರೋಹಿತರ ಜೊತೆಗಿದ್ದ ಮಧುಸೂದನರನ್ನು ಕರೆಯಲು ಓಡಿದರು.

ಆರಾಧನಾ ತಾತನ ಕುರ್ಚಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. “ತಾತ, ನೋಡಿ.”

ಬದರೀನಾರಾಯಣರು ಕನ್ನಡಕ ಏರಿಸಿಕೊಂಡರು. ಬೆರಗಾಗಲಿಲ್ಲ. ನಿಂತ ಚಿತ್ರವನ್ನು, ಅದು ಚಲಿಸುತ್ತಿದೆಯೇನೋ ಎಂಬಂತೆ ನೋಡಿದರು.

“ಈಗ ಬಗ್ತಾಳೆ,” ಎಂದರು. “ತೆಂಗಿನ ಹೋಳು ಬಿದ್ಹೋಗತ್ತೆ. ಎತ್ಕೊಂಡು ಸೀರೆಗೆ ಒರಸ್ತಾಳೆ. ಯಾರಾದ್ರೂ ನೋಡಿದ್ರಾ ಅಂತ ಆ ಕಡೆ ಈ ಕಡೆ ನೋಡ್ತಾಳೆ.”

ಗೋದಜ್ಜಿಯ ಕತೆಯಲ್ಲಿ ತೆಂಗಿನ ಹೋಳು ಒಮ್ಮೆಯೂ ಬಿದ್ದಿರಲಿಲ್ಲ. ದೇವರ ಪ್ರಸಾದ ನೆಲಕ್ಕೆ ಬಿದ್ದದ್ದನ್ನು ಅವಳು ಯಾರ ಮುಂದೆಯೂ ಆಡುವವಳಲ್ಲ.

ಫೋನು ಮತ್ತೆ ಮಿಡಿಯಿತು. ‘ಪಕ್ಕದ ಫ್ರೇಮುಗಳನ್ನೂ ಸೇರಿಸಿದೀನಿ, ಎಂಟು ಸೆಕೆಂಡು.’ ಆರಾಧನಾ ಅದನ್ನು ಮುಟ್ಟಿದಳು. ಗೋದಾ ನಕ್ಕಳು. ತಟ್ಟೆ ವಾಲಿತು. ಹೋಳು ಉರುಳಿತು. ಬಗ್ಗಿ, ಎತ್ತಿ, ಸೀರೆಗೆ ಒರಸಿ, ಆ ಕಡೆ ಈ ಕಡೆ ನೋಡಿದಳು.

“ಯಾವಾಗ ನೋಡಿದ್ರಿ ತಾತ ಇದನ್ನ?”

ತಾತ ಕನ್ನಡಕ ತೆಗೆದು ಮಡಿಸಿದರು, ಮತ್ತೆ ಬಿಚ್ಚಿದರು. “ರಿಲೀಸ್ ಆದ ದಿನಾನೇ. ಆಫೀಸಿಂದ ಸೀದಾ ಮೆಜೆಸ್ಟಿಕ್ಕಿಗೆ ಹೋದೆ. ಮನೆಗೆ ಬಂದಾಗ ಬಾಗಿಲಲ್ಲೇ ನಿಂತಿದ್ಳು. ಕಂಡ್ನಾ ಅಣ್ಣ, ಅಂದ್ಳು.”

“ನೀವೇನಂದ್ರಿ?”

“ಎಲ್ಲೂ ಇಲ್ಲ, ನಿಂದನ್ನ ಕತ್ತರಿಸಿ ಬಿಸಾಕಿದಾರೆ ಅಂದೆ. ಅವಳನ್ನ ನೋಡಕ್ಕೆ ಚಾಮರಾಜಪೇಟೆಯಿಂದ ಬರೋರಿದ್ರು ಆ ವಾರ. ಸಿನಿಮಾದಲ್ಲಿ ಹಲ್ಲು ಕಿರ್ಕೊಂಡು ನಿಂತಿದ್ಳು ಅಂತ ಗೊತ್ತಾದ್ರೆ...” ಮುಂದಿನ ಮಾತನ್ನು ಕೈಯಲ್ಲೇ ಆಡಿದರು.

“ಬಂದ್ರಾ ಅವ್ರು?”

“ಬಂದ್ರು. ಉಪ್ಪಿಟ್ಟು ತಿಂದ್ಕೊಂಡು ಹೋದ್ರು.”

ದೀಪದ ಬತ್ತಿ ಚಿಟಗುಟ್ಟಿತು. ತಾತ ತಂಗಿಯ ಕಡೆ ನೋಡದೆ ಹೇಳಿದರು. “ಮಾರನೇ ದಿನಾನೂ ಹೋದೆ ಕಣಮ್ಮ. ಇನ್ನೊಂದು ಟಿಕೆಟ್ ತಗೊಂಡು. ಅಷ್ಟಕ್ಕೆ ಮಾತ್ರ ಹೋದೆ. ಆ ಹೋಳು ಬೀಳೋದನ್ನ ನೋಡ್ಕೊಂಡು ಎದ್ದು ಬಂದ್ಬಿಟ್ಟೆ.”

“ಅಜ್ಜಿಗೆ?”

“ಬಸ್ಸು ಸಿಗ್ಲಿಲ್ಲ ಅಂದೆ.”

ಹೊರಗೆ, ಹೇಳಿದ ಹೊತ್ತಿಗೆ ಮೊದಲೇ ಬಂದ ಗಾಡಿ ಹಿಂದಕ್ಕೆ ಬರುವ ಕೀಂಕೀಂ ಸದ್ದು ಕೇಳಿತು. ಮಧುಸೂದನ್ ಒಳಗೆ ಬಂದು, ಫೋನು ಇಸಿದುಕೊಂಡು ನೋಡಿದರು. “ಗೋದತ್ತೆ... ಪೇಪರಿಗೆ ಇಷ್ಟೊಂದು ನಗ್ತಿರೋದು ಕಳಿಸ್ಬಹುದಾ?”

“ಕಳಿಸು,” ಎಂದರು ಬದರೀನಾರಾಯಣರು. ಬೆಳಗಿನಿಂದ ಮೊದಲ ಬಾರಿಗೆ ಕುರ್ಚಿಯಿಂದ ಎದ್ದಿದ್ದರು. ಉದ್ಧರಣೆಯಲ್ಲಿ ತುಳಸಿ ನೀರು ತೆಗೆದುಕೊಂಡು ತಂಗಿಯ ತಲೆಯ ಬಳಿ ಮಂಡಿಯೂರಿದರು. ಬಾಯಿಗೆ ಬೀಳಬೇಕಾದ ನೀರು ಗಲ್ಲದ ಮೇಲೆ ಹರಿಯಿತು. ಪಂಚೆಯ ತುದಿಯಿಂದ ಒರಸಿದರು.

“ಸರಿ, ಬೇಗ ಕಳಿಸಮ್ಮ. ಬೇರೆಯವರನ್ನೆಲ್ಲ ತೆಗೆದ್ಬಿಟ್ಟು ಅತ್ತೆ ಒಬ್ಬಳೇ ಇರೋ ಹಾಗೆ ಮಾಡು,” ಎಂದು ಮಧುಸೂದನ್ ಹೊರಗೆ ಹೋದರು.

ಆರಾಧನಾ ಎರಡು ಬೆರಳಿನಿಂದ ಚೌಕವನ್ನು ಎಡಕ್ಕೆ ಎಳೆದಳು. ಕಲ್ಲಿನ ಚಕ್ರಗಳು ಹೋದವು. ಜನ ಹೋದರು. ಹೀರೋನ ಮುಖ, ಎದೆ, ಎಡವಿದ ಕಾಲು ಹೊರಗೆ ಹೋದವು. ಇನ್ನೂ ಎಳೆದರೆ ತಟ್ಟೆ ಹಿಡಿದ ಕೈ ತುಂಡಾಗುತ್ತಿತ್ತು. ಅಲ್ಲಿಗೆ ನಿಲ್ಲಿಸಿದಳು.

ಶೈಲಜಮ್ಮ ಕಣ್ಣೊರಸಿಕೊಂಡು ಇಣುಕಿದರು. “ಚೆನ್ನಾಗಿ ಬಂತು. ಈ ಮೂಲೇಲಿ ಬಿಳೀ ಅಂಗೀದು, ಮೊಣಕೈ ಒಂದು ಉಳ್ಕೊಂಡಿದ್ಯಲ್ಲೇ. ಯಾರದ್ದು ಅದು?”

“ಯಾರದ್ದೋ,” ಎಂದು ಆರಾಧನಾ ಚಿತ್ರವನ್ನು ಕಳಿಸಿದಳು.