ಮಣಿಕಟ್ಟಿನ ಆಚೆಯ ಚುಕ್ಕೆ

ರಟ್ಟಿನ ಪೆಟ್ಟಿಗೆ ಮಡಿಸುತ್ತಿದ್ದವಳ ಕೈ ಅಲ್ಲಿಗೇ ನಿಂತಿತು.

"ಅಂಟು ಯಂತ್ರದ ರೋಲರು ನಿಮ್ಮನೆಯವರನ್ನ ಎಳ್ಕೊಂಡ್ತಂತೆ ಕಣೇ, ಓಡು!" ಎಂದಳು ಪಕ್ಕದ ಮೇಜಿನ ಗೆಳತಿ.

ಕಾಗದದ ದೈತ್ಯ ಸುರುಳಿಗಳ ಸಂದಿಯಲ್ಲಿ ಅವಳು ಬಿದ್ದೆನೋ ಎದ್ದೆನೋ ಎಂದು ಓಡಿದಳು. ಆ ರೋಲರುಗಳ ನಡುವೆ ಉಬ್ಬಿದ ರಟ್ಟು ಹೇಗೆ ಹೋಗಿ ಹೇಗೆ ಚಪ್ಪಟೆಯಾಗಿ ಹೊರಬರುತ್ತದೆಂದು ದಿನವೂ ನೋಡುವವಳಿಗೆ ಬೇರೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಗಂಡ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದ. ಬಲಗೈಯಲ್ಲೇ. ಲೋಟ ಹಿಡಿದ ಬೆರಳುಗಳನ್ನು ಅವಳು ಬಾಗಿಲಲ್ಲಿ ನಿಂತೇ ಒಂದೊಂದಾಗಿ ನೋಡಿದಳು. ಎಲ್ಲವೂ ಇದ್ದವು. ಮೊಣಕೈಯಿಂದ ಕೆಳಗೆ ಅಂಗಿಯ ತೋಳು ಮಾತ್ರ ಇರಲಿಲ್ಲ.

"ಯಾಕೆ ಹಂಗೆ ನೋಡ್ತೀಯ? ಹೊಸ ಅಂಗಿ ಹಾಳಾಯ್ತು ಅಂತಾನಾ?"

"ಬಾಯಿ ಮುಚ್ಕೊಂಡು ಟೀ ಕುಡೀರಿ," ಎಂದವಳೇ ಅತ್ತುಬಿಟ್ಟಳು.

ತೋಳಿನ ಬಟ್ಟೆ ಸಿಕ್ಕಿಕೊಂಡ ಕೂಡಲೇ ರೋಲರಿನ ಮುಂದೆ ಯಂತ್ರ ನಿಲ್ಲಿಸಲೆಂದೇ ಕಟ್ಟಿದ್ದ ಅಡ್ಡತಂತಿಯನ್ನು ಕೈ ಒತ್ತಿತ್ತು, ಯಂತ್ರ ನಿಂತುಹೋಗಿತ್ತು. ಆ ತಂತಿ ಬಂದದ್ದು ಈ ವರ್ಷವಷ್ಟೇ.

ನರ್ಸಮ್ಮ ಅಂಟಿಸುವ ಕೆಂಪು ಚುಕ್ಕೆಗಳ ಹಾಳೆ ಹಿಡಿದು ಬಂದರು. ಗೋಡೆಯ ಮೇಲೆ ಒಂದೊಂದು ವಿಭಾಗಕ್ಕೂ ಒಂದೊಂದು ಮನುಷ್ಯಾಕೃತಿ ಬರೆದಿತ್ತು. ಮೈಮೇಲೆ ನೂಲೂ ಇಲ್ಲದ ಅದನ್ನು ಎಲ್ಲರೂ ಕರೆಯುತ್ತಿದ್ದದ್ದು ಬೆತ್ತಲೆರಾಯ ಎಂದು. ಪೆಟ್ಟು ಬಿದ್ದವರು ಬಿದ್ದ ಜಾಗಕ್ಕೆ ಚುಕ್ಕೆ ಅಂಟಿಸಬೇಕು, ಹೆಸರು ಹೇಳಬೇಕಾಗಿಲ್ಲ. ವರ್ಷವಿಡೀ ಚುಕ್ಕೆಯಿಲ್ಲದ ವಿಭಾಗಕ್ಕೆ ಒಂದು ದಿನ ರಜೆ, ಸಮುದ್ರಕ್ಕೆ ಬಸ್ಸು. ಹೋದ ವರ್ಷ ಇವರ ವಿಭಾಗ ಇನ್ನೇನು ಬಸ್ಸು ಹತ್ತಬೇಕು ಅನ್ನುವಾಗ, ಬೆತ್ತಲೆರಾಯನ ಬಲ ಮಣಿಕಟ್ಟಿನಿಂದ ಒಂದು ಬೆರಳಗಲ ಆಚೆ, ಬರೀ ಗೋಡೆಯ ಮೇಲೆ, ಯಾರೋ ಚುಕ್ಕೆ ಅಂಟಿಸಿದ್ದರು. ಎಲ್ಲರಿಗಿಂತ ಜೋರಾಗಿ ಶಪಿಸಿದವಳು ಇವಳೇ: "ಅಂಟಿಸೋಕೂ ಕಣ್ಣು ಕಾಣದ ಕುರುಡ!"

"ಗಾಯವೇ ಇಲ್ವಲ್ಲ ಸಿಸ್ಟರ್," ಎಂದ ಗಂಡ. "ಈ ಸಲವೂ ಬಸ್ಸು ತಪ್ಪಿದ್ರೆ ನನ್ನ ಸಿಗಿದು ತೋರಣ ಕಟ್ತಾರೆ. ಇವಳೇ ಮೊದಲು."

ಬಾಗಿಲಲ್ಲಿ ಯಾರೋ ಕೆಮ್ಮಿದರು. ಭಾವ, ಗಂಡನ ಅಣ್ಣ. ಅದೇ ಯಂತ್ರದ ಇನ್ನೊಂದು ಪಾಳಿಯವರು.

"ಗಾಯ ಆಗಿದ್ರೆ ಮೈ ಮೇಲೆ ಅಂಟಿಸೋದು ಕಣೋ. ತಪ್ಪಿಸ್ಕೊಂಡಿದ್ರೆ, ಎಷ್ಟರಲ್ಲಿ ತಪ್ಪಿಸ್ಕೊಂಡ್ಯೋ ಅಷ್ಟು ಆಚೆ."

"ನಿಮಗೆ ಹೆಂಗೆ ಗೊತ್ತು ಭಾವ?"

ಅವರು ಕತ್ತು ಕೆರೆದುಕೊಂಡರು. "ಕುರುಡನಿಗೆ ಗೊತ್ತಿರಲ್ವೇನಮ್ಮ?"

ನರ್ಸಮ್ಮ ಭಾವನತ್ತ ಕೈ ತೋರಿಸಿ ಹೇಳಿದರು: "ಗಾಯದ ಚುಕ್ಕೆ ಬಿದ್ರೆ ಬ್ಯಾಂಡೇಜ್ ಕಟ್ತೀನಿ, ಅಷ್ಟೇ. ಇವರ ಚುಕ್ಕೆ ನೋಡಿ ಎಂಜಿನಿಯರನ್ನ ಕರೆಸ್ದೆ. ಅವರು ಯಂತ್ರದ ಮುಂದೆ ನಿಂತು ನೋಡಿ, ಆ ತಂತಿ ಹಾಕಿಸಿದ್ರು."

ಅವಳು ಭಾವನ ಕಡೆ ತಿರುಗಿದಳು. "ನಮ್ಮನೇಲಿ ಊಟಕ್ಕೆ ಕೂತಾಗಲೆಲ್ಲ ಆ ಚುಕ್ಕೆಯವನನ್ನ ಬೈತಿದ್ದೆ. ನೀವು ಸುಮ್ನೆ ತಿಂತಿದ್ರಲ್ಲ ಭಾವ!"

"ಬೈಗುಳ ನಂಚ್ಕೊಂಡ್ರೆ ನಿನ್ನ ಅಡುಗೆ ಇನ್ನೂ ರುಚಿ."

ಗಂಡ ಗೊಳ್ಳೆಂದು ನಕ್ಕ. ಅವಳು ಹಾಳೆಯಿಂದ ಒಂದು ಚುಕ್ಕೆ ಬಿಡಿಸಿ, ಅವನ ಬೆರಳ ತುದಿಗೆ ಇಟ್ಟಳು. "ಅಂಟಿಸಿ."

"ಬಸ್ಸು?"

"ಸಮುದ್ರವೇನೂ ಓಡಿಹೋಗಲ್ಲ."

ಅವನು ಅಣ್ಣನ ಚುಕ್ಕೆ ಇದ್ದ ಜಾಗ ನೆನಪಿಸಿಕೊಂಡು ಅಲ್ಲೇ ಅಂಟಿಸಿದ. ಚುಕ್ಕೆಗೂ ಮಣಿಕಟ್ಟಿಗೂ ನಡುವೆ ಉಳಿದ ಬಿಳಿ ಗೋಡೆಯ ಮೇಲೆ ಅವಳು ತನ್ನ ಬೆರಳಿಟ್ಟು ನೋಡಿದಳು. ಸರಿಯಾಗಿ ಕೂತಿತು. ತೆಗೆಯಲು ಮನಸ್ಸೇ ಬರಲಿಲ್ಲ.

"ನಾಳೆ ಊಟಕ್ಕೆ ಬನ್ನಿ ಭಾವ," ಎಂದಳು, ಗೋಡೆ ಕಡೆಗೇ ಮುಖ ಮಾಡಿ. "ಬೈಗುಳ ಇರಲ್ಲ. ಸಪ್ಪೆ ಅನ್ಬೇಡಿ ಮತ್ತೆ."