ಹೆಗಲು ಬರೆದ ಪೆನ್ನು

ನಾನು ಒಂದು ಪೆನ್ನು. ಆದರೆ ಅಕ್ಷರ ಬಾರದ ಪೆನ್ನು. ನನ್ನನ್ನು ಹಡೆದ ಕಾರ್ಖಾನೆಯವರು ಯಂತ್ರದ ತಗಡಿನ ತೋಳಿಗೆ ಸಿಕ್ಕಿಸಿ, ಹೊಟ್ಟೆಗೆ ನೀಲಿ ಶಾಯಿ ತುಂಬಿ, ಧಾರವಾಡದ ಪ್ರಯೋಗಶಾಲೆಯೊಂದಕ್ಕೆ ಕಳಿಸಿಕೊಟ್ಟರು. ನನ್ನ ಕಸುಬು ಅಣಕು. ಪಕ್ಕದ ಗಾಜಿನ ಕೊಳವೆಯಿಂದ ಹನಿಯೊಡನೆ ಪ್ರೋಟೀನು ಇಳಿದರೆ ನಾನು ಉರುಳುವ ಕಾಗದದ ಮೇಲೆ ಏರಬೇಕು. ಅದು ಮುಗಿದರೆ ಇಳಿಯಬೇಕು. ಏರಿ ಇಳಿದರೆ ಒಂದು ಗುಡ್ಡ. ಒಂದು ಗುಡ್ಡವೆಂದರೆ ಒಂದು ಪ್ರೋಟೀನು ಎಂದು ಲೆಕ್ಕ.

ಯಜಮಾನರು ಪ್ರೊಫೆಸರ್ ಕಲ್ಮಠ. ಹಾವು ಕಚ್ಚಿದವರ ರಕ್ತ ಹೆಪ್ಪುಗಟ್ಟದೆ ಹರಿಯುತ್ತದಲ್ಲ, ಅದನ್ನು ತಡೆಯುವ ಒಂದೇ ಒಂದು ಪ್ರೋಟೀನನ್ನು ಕಾಡುಬೇರಿನಿಂದ ಬೇರೆ ಮಾಡಿದ್ದೇನೆಂದು ಅವರು ಸಭೆಸಭೆಗಳಲ್ಲಿ ಹೇಳಿಯಾಗಿತ್ತು. ಅವರ ಶಿಷ್ಯೆ ನೀಲಾಂಬಿಕಾಗೆ ಮಾತ್ರ ನನ್ನ ಗುಡ್ಡದ ಇಳಿಜಾರಿನಲ್ಲಿ ಸಣ್ಣ ಉಬ್ಬು ಕಂಡಿತು.

“ಸರ್, ಹೆಗಲ ಐತ್ರಿ.”

“ನೋವು ಈಗ ಅಡ್ಡಿಯಿಲ್ಲ ಬಿಡವಾ, ಎಣ್ಣಿ ತಿಕ್ಕಿಸೇನಿ,” ಎಂದರು ಹೆಗಲುನೋವಿನ ಸರ್.

“ನಿಮ್ಮದಲ್ರಿ ಸರ್. ಗುಡ್ಡದ್ದು. ಒಳಗ ಇನ್ನೊಂದು ಅಡಗೇತಿ.”

ಸರ್ ಕನ್ನಡಕ ಏರಿಸಿ ನೋಡಿದರು. “ಅದು ಪೆನ್ನು ನಡಗಿದ್ದು. ತಿರುಪ ಬಿಗಿ ಮಾಡು.”

ನಡುಗುವುದು ನಮ್ಮ ವಂಶದಲ್ಲೇ ಇಲ್ಲ. ಆದರೂ ಬಿಗಿಸಿಕೊಂಡೆ. ಹೆಗಲು ಹೋಗಲಿಲ್ಲ.

ನೀಲಾಂಬಿಕಾ ವಾದಕ್ಕೆ ನಿಲ್ಲಲಿಲ್ಲ. ಮರುದಿನ ಅದೇ ಬೇರಿನ ರಸವನ್ನು ಕೊಳವೆಗೆ ಹೊಯ್ದು, ಮೇಲಿನಿಂದ ಬಿಡುವ ನೀರಿಗೆ ಉಪ್ಪನ್ನು ತೀರ ನಿಧಾನವಾಗಿ ಏರಿಸುತ್ತ ಹೋದಳು. ಉಪ್ಪು ಒಮ್ಮೆಲೇ ಏರಿದರೆ ಎಲ್ಲವೂ ಕೂಡಿಯೇ ಹೊರಬೀಳುತ್ತವೆ. ನಿಧಾನಕ್ಕೆ ಏರಿದರೆ, ಕೊಳವೆಯೊಳಗಿನ ಪುಡಿಗೆ ಅಂಟಿದವುಗಳಲ್ಲಿ ಹಿಡಿತ ಸಡಿಲಿದ್ದದ್ದು ಮೊದಲು ಕೈಬಿಡುತ್ತದೆ. ಕಾಯುತ್ತ ಕಾಯುತ್ತ ಬೇಸರವಾಗಿ, ಸರ್ ಕೆಮ್ಮಿದಂತೆಯೇ ಕೆಮ್ಮಿ, ಅವರದೇ ದನಿಯಲ್ಲಿ ಕೊಳವೆಗೆ ಹೇಳಿದಳು: “ಅಣ್ಣತಮ್ಮಂದಿರು ಇನ್ನೆಷ್ಟ ದಿನ ಒಂದ ಒಲಿ ಮ್ಯಾಲ ಉಣ್ತೀರೋ? ಬ್ಯಾರೆ ಆಗ್ರಿ! ಇಲ್ಲಂದ್ರ ಪೆನ್ನಿನ ತಿರುಪ ಬಿಗಿ ಮಾಡ್ತೇನಿ!”

ಹಿಂದೆ ನಿಜವಾದ ಕೆಮ್ಮು ಕೇಳಿತು.

“ನನ್ನ ದನಿ ಇಷ್ಟ ದಪ್ಪ ಐತೇನವಾ?” ಎಂದು ಸರ್ ಕುರ್ಚಿ ಎಳೆದುಕೊಂಡು ಕೂತರು.

ನಾನು ಏರಿದೆ. ತುದಿ ಮುಟ್ಟಿ ಇಳಿಯತೊಡಗಿದೆ. ತಳದವರೆಗೂ ಇಳಿದು ಮತ್ತೆ ಏರಿದರೆ ಗುರುವಿನ ಮಾತು ಬೀಳುತ್ತದೆ. ಏರದಿದ್ದರೆ ಶಿಷ್ಯೆಯ ಮಾತು. ಸರ್ ಉಸಿರು ಬಿಗಿಹಿಡಿದಿದ್ದರು. ನನಗೆ ಅಯ್ಯೋ ಎನಿಸಿತು. ಆದರೆ ಅಣಕಿಸುವವನಿಗೆ ದಾಕ್ಷಿಣ್ಯ ಸಲ್ಲದು. ತಳ ಮುಟ್ಟಿದೆ, ತುಸು ನೆಟ್ಟಗೆ ಹರಿದೆ, ಮತ್ತೆ ಏರಿದೆ. ಚಿಕ್ಕ ಗುಡ್ಡವೊಂದು ಎದ್ದು ನಿಂತಿತು.

ವಿಷ ಬೆರೆಸಿದ ರಕ್ತಕ್ಕೆ ಎರಡನ್ನೂ ಬೇರೆಬೇರೆಯಾಗಿ ಹಾಕಿ ನೋಡಿದರು. ದೊಡ್ಡದು ಕೈಕಟ್ಟಿ ಕೂತಿತು. ಹೆಪ್ಪುಗಟ್ಟಿಸಿದ್ದು ಚಿಕ್ಕದು.

“ಅಣ್ಣನ ಹೆಸರಿಗೆ ತಮ್ಮನ ದುಡಿಮಿ ಬರಕೊಂಡು ಊರೂರು ಅಡ್ಡಾಡೇನಲ್ಲವಾ ನಾನು,” ಎಂದರು ಸರ್.

ಮುಂದಿನ ಸಭೆಯಲ್ಲಿ ಎದ್ದು ನಿಂತು ತಾವು ಹೇಳಿದ್ದು ತಪ್ಪೆಂದರು. “ಹೆಗಲ ಕಂಡಾಕಿ ಈಕಿ,” ಎಂದು ನೀಲಾಂಬಿಕಾಳನ್ನು ತೋರಿಸಿದರು. ಆಮೇಲೆ ಅವರಿಗೆ ಕರೆಯೋಲೆಗಳು ಬರುವುದು ಕಡಿಮೆಯಾಯಿತು.

ಕಂಪ್ಯೂಟರ್ ಬಂತು. ಒಂದರೊಳಗೊಂದು ಹೊಕ್ಕ ಗುಡ್ಡಗಳನ್ನು ಅದು ಬರೀ ಗಣಿತದಲ್ಲೇ ಪಾಲು ಮಾಡಿ ಕೊಡುತ್ತದೆ. ನನ್ನ ಶಾಯಿ ಒಣಗಿತು. ಸರ್ ನಿವೃತ್ತರಾದ ದಿನ ನೀಲಾಂಬಿಕಾ ನನ್ನನ್ನು ಯಂತ್ರದ ತೋಳಿನಿಂದ ಬಿಡಿಸಿ ಅವರ ಅಂಗಿಯ ಜೇಬಿಗೆ ಸಿಕ್ಕಿಸಿದಳು. ಅಲ್ಲಿಂದ ಮುಂದೆ ಅವರ ಎದೆಬಡಿತವೇ ನನಗೆ ಕಾಗದ.

ಅದೂ ನಿಂತಿತು. ಸರ್ ಅವರನ್ನು ಶವ ಹೊರುವ ಹೂವಿನ ವಿಮಾನದಲ್ಲಿ ಕೂರಿಸಿದರು, ಜೇಬಿನಲ್ಲಿ ನಾನಿದ್ದೆ. ವಿಮಾನ ಎತ್ತುವಾಗ ನೀಲಾಂಬಿಕಾ ಸೆರಗು ಬಿಗಿದು ಮುಂದೆ ಬಂದಳು.

“ಹೆಣ್ಮಕ್ಕಳು ಹೆಗಲ ಕೊಡೂದಿಲ್ಲ ಯವ್ವಾ,” ಎಂದರು ಹಿರಿಯರೊಬ್ಬರು.

“ಅವರಿಗೆ ಹೆಗಲ ತೋರಿಸಿದಾಕಿನ ನಾನ್ರಿ,” ಎಂದು ಬಿದಿರಿನಡಿ ಹೆಗಲಿಟ್ಟಳು.

ಸಮಾಧಿಗೆ ಇಳಿಸುವ ಮುಂಚೆ ಯಾರೋ ನನ್ನನ್ನು ತೆಗೆದು ಅವಳ ಕೈಗಿತ್ತರು. ಈಗ ಅವಳ ಮೇಜಿನ ಮೂಲೆಯಲ್ಲಿ, ಅಕ್ಷರ ಬಲ್ಲ ಪೆನ್ನುಗಳ ನಡುವೆ ಸುಮ್ಮನೆ ನಿಂತಿದ್ದೇನೆ. ವಿಮಾನ ಮೇಲೆದ್ದ ಆ ಗಳಿಗೆಯನ್ನು ನೆನೆಯುತ್ತೇನೆ. ಸರ್ ಅಂದದ್ದು ತಡವಾಗಿ ನಿಜವಾಯಿತು. ಅವಳ ಹೆಗಲ ಮೇಲೆ ಅಂದು ನಡುಗಿದ್ದು ಪೆನ್ನೇ.